ಸುಮಾರಾಗಿ ಓದ್ತಾಳೆ

ಸೆಪ್ಟೆಂಬರ್ 22, ಭಾನುವಾರ

ಇವತ್ತೂ ಕ್ಲಾಸ್ ನಾನೇ ತೆಗೆದುಕೊಂಡೆ. ಶಿವಪ್ರಕಾಶ್ ಸರ್‌ಗೆ ಮಂಡಿನೋವು. ಮೂಲೆಯ ಕುರ್ಚಿಯಲ್ಲಿ ಕಾಲು ನೀಡಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೇಳುತ್ತಿದ್ದರೋ ನಿದ್ದೆಯೋ… ಗೊರಕೆ ಇರಲಿಲ್ಲ, ಕೇಳುತ್ತಿದ್ದರು ಅಂತಲೇ ಇಟ್ಟುಕೊಳ್ಳೋಣ. ಸರ್ ಮನೆ ಮಹಡಿಯ ಮೇಲೆ, ಕೆಳಗೆ ತಗಡಿನ ಕೆಲಸದ ಅಂಗಡಿ. ಮಂಡಿ ಮೊಹಲ್ಲಾದಲ್ಲಿ ಲ್ಯಾಟಿನ್ ಕಲಿಯಬೇಕಾದರೆ ಭಾನುವಾರವೇ ಆಗಬೇಕು. ಬೇರೆ ದಿನ ಸುತ್ತಿಗೆ ಸದ್ದಿನಲ್ಲಿ ಸರ್ ಹೇಳಿದ್ದು ಸರ್‌ಗೇ ಕೇಳಿಸುವುದಿಲ್ಲ.

ಪಾಠ: ಗುಣವಾಚಕಗಳ ತರತಮ. ಆಲ್ಟುಸ್, ಆಲ್ಟಿಯೋರ್, ಆಲ್ಟಿಸ್ಸಿಮುಸ್. ಎತ್ತರದವನು, ಹೆಚ್ಚು ಎತ್ತರದವನು, ಎಲ್ಲರಿಗಿಂತ ಎತ್ತರದವನು. ಇಷ್ಟಾದರೆ ಸುಲಭ. ಆದರೆ ಹೋಲಿಕೆಗೆ ಯಾರೂ ಇಲ್ಲದೆ ಆಲ್ಟಿಯೋರ್ ಅಂತ ಒಂದೇ ಬಂದರೆ ‘ಸ್ವಲ್ಪ ಅತಿಯಾಯಿತು’ ಅನ್ನುವ ಅರ್ಥವೂ ಇದೆ. ಆಲ್ಟಿಸ್ಸಿಮುಸ್ ಒಂದೇ ಬಂದರೆ ಬರೀ ‘ತುಂಬಾ ಎತ್ತರ’ ಅಂತಲೂ ಆಗಬಹುದು, ಎಲ್ಲರಿಗಿಂತ ಅಂತ ಆಗಬೇಕಿಲ್ಲ. ಅಭಿಲಾಷ್ ಕೈ ಎತ್ತಿದ.

“ಅಕ್ಕ, ಹಂಗಾದ್ರೆ ನಿಜವಾಗ್ಲೂ ಎಲ್ರಿಗಿಂತ ಮುಂದಿರೋನು ಯಾರು ಅಂತ ಹೆಂಗೆ ಗೊತ್ತಾಗೋದು?”

“ಸಂದರ್ಭ ನೋಡಿ.”

“ಅಂದ್ರೆ ಯಾರು ಹೇಳ್ತಿದಾರೆ ಅಂತ ನೋಡಿ, ಅಲ್ವಾ?”

ಪರವಾಗಿಲ್ಲ ಹುಡುಗ. ಅವರಪ್ಪನದು ಪಕ್ಕದ ಬೀದಿಯಲ್ಲಿ ಒಣಮೆಣಸಿನಕಾಯಿ ಸಗಟು ವ್ಯಾಪಾರ. ಅವನು ಬಂದು ಕೂತರೆ ಅಕ್ಕಪಕ್ಕದವರು ಸೀನುತ್ತಾರೆ. ಎಂ.ಎ. ಮುಗಿಸಿ ಎರಡು ವರ್ಷದಿಂದ ನನ್ನ ಹತ್ತಿರ ಲ್ಯಾಟಿನ್ ಓದುತ್ತಿದ್ದಾನೆ. ಹೆಸರಿಗೆ ಸರ್ ಹತ್ತಿರ. ಕ್ರಿಯಾವಿಶೇಷಣಕ್ಕೆ ಬಂದಾಗ ಮಾತ್ರ ಅವನೂ ಎಡವಿದ. ಬೆನೆ, ಮೆಲಿಯುಸ್, ಆಪ್ಟಿಮೆ—ಚೆನ್ನಾಗಿ, ಹೆಚ್ಚು ಚೆನ್ನಾಗಿ, ಎಲ್ಲಕ್ಕಿಂತ ಚೆನ್ನಾಗಿ. ಆಳು ಹೇಗಿದ್ದಾನೆ ಅನ್ನುವುದು ಬೇರೆ, ಕೆಲಸ ಹೇಗೆ ಮಾಡಿದ ಅನ್ನುವುದು ಬೇರೆ ಅಂತ ಹೇಳಿ ಹೇಳಿ ಗಂಟಲು ಒಣಗಿತು. ನಾಳೆ ಕಾಲೇಜಿನಲ್ಲಿ ಬೆಳಿಗ್ಗೆ ಎರಡು ಪೀರಿಯಡ್. ನೋಟ್ಸ್ ಆಗಿಲ್ಲ.

ಅಕ್ಟೋಬರ್ 6, ಭಾನುವಾರ

ಬಂತು. ಆರು ವರ್ಷದಿಂದ ಕಾಯುತ್ತಿದ್ದದ್ದು.

ರೋಮ್‌ನಲ್ಲಿ ಹಳೆಯ ಹಸ್ತಪ್ರತಿ ಓದುವ ಎರಡು ವರ್ಷದ ಕೋರ್ಸಿಗೆ ಅರ್ಜಿ ಕರೆದಿದ್ದಾರೆ, ಪೂರ್ತಿ ಸ್ಕಾಲರ್‌ಶಿಪ್. ನಮ್ಮ ದೇಶಕ್ಕೆ ಒಂದೇ ಸೀಟು. ವಯಸ್ಸಿನ ಮಿತಿ ಮೂವತ್ತು. ನನಗೆ ಜೂನ್‌ಗೆ ಮೂವತ್ತು ತುಂಬುತ್ತದೆ. ಈ ಸಲ ಇಲ್ಲದಿದ್ದರೆ ಇಲ್ಲ.

ಮುನ್ನೂರು ವರ್ಷದ ಹಿಂದೆ ಪಾದ್ರಿಗಳು ಶ್ರೀರಂಗಪಟ್ಟಣದ ಕಡೆಯಿಂದ ಬರೆದು ಕಳಿಸಿದ ಕಾಗದಗಳು ಅಲ್ಲಿವೆ. ಮಳೆ, ಬರ, ಊರ ಜಗಳ, ನಮ್ಮಂಥ ಒಕ್ಕಲುಮಕ್ಕಳು ಏನು ಉಂಡರು, ಏನು ಉಟ್ಟರು—ನಮ್ಮ ಕಡೆಯವರ ಬಗ್ಗೆ ನಮ್ಮ ಕಡೆಯವರು ಯಾರೂ ಓದದ ಲ್ಯಾಟಿನ್‌ನಲ್ಲಿ. ಅದನ್ನು ಓದಬೇಕು ಅಂತಲೇ ಈ ಭಾಷೆಗೆ ಬಿದ್ದೆ. ಹಿಸ್ಟರಿ ಗೆಸ್ಟ್ ಲೆಕ್ಚರರ್‌ಗೆ ಇದೆಲ್ಲ ಯಾಕೆ ಅಂತ ಸ್ಟಾಫ್ ರೂಮಿನಲ್ಲಿ ಕೇಳದವರಿಲ್ಲ.

ಸರ್ ಹೇಳಿದರು, “ಹಾಕಮ್ಮ. ಅಭಿಲಾಷನೂ ಹಾಕ್ಲಿ. ಇಬ್ರೂ ಹಾಕಿ.” ಒಂದೇ ಸೀಟು ಅಂತ ನೆನಪಿಸಿದೆ. “ಅದ್ಕೇನು, ಯಾರಿಗೆ ಬಂದ್ರೂ ನಮ್ಮನೆಗೇ ಬಂದಂಗೆ” ಅಂದರು. ದೊಡ್ಡ ಮನಸ್ಸು. ಬಸ್ಸಿನಲ್ಲಿ ಬರುವಾಗ ಅದನ್ನೇ ಯೋಚಿಸುತ್ತಿದ್ದೆ, ಬನ್ನಿಮಂಟಪ ದಾಟಿ ಒಂದು ಸ್ಟಾಪ್ ಮುಂದೆ ಹೋಗಿ ಇಳಿದೆ.

ಅಕ್ಟೋಬರ್ 12, ವಿಜಯದಶಮಿ

ಮನೆ ಮುಂದೆ ಕಾಲಿಡಲು ಜಾಗವಿಲ್ಲ. ಪಂಜಿನ ಕವಾಯತಿಗೆ ಬಂದವರ ಬೈಕುಗಳು ನಮ್ಮ ಗೇಟಿಗೆ ಒರಗಿಕೊಂಡಿವೆ. ಟೆರೇಸ್ ಮೇಲೆ ನೆಂಟರು. ದೊಡ್ಡಮ್ಮ ಅಂಬುಜಮ್ಮ ಕೇಳಿದರು, “ಏನೇ ಭಾಗ್ಯ, ನಿನ್ನ ಮಗಳು ಅದೇನೋ ಫಾರಿನ್ ಭಾಷೆ ಓದ್ತಾಳಂತಲ್ಲ?”

ಅಮ್ಮ ಚಕ್ಕುಲಿ ತಟ್ಟೆ ಮುಂದೆ ತಳ್ಳುತ್ತಾ, “ಏನೋ, ಸುಮಾರಾಗಿ ಓದ್ತಾಳೆ ಬುಡಕ್ಕ” ಅಂದರು.

ಎಂ.ಎ.ಯಲ್ಲಿ ಯೂನಿವರ್ಸಿಟಿಗೆ ಎರಡನೇ ರ್‍ಯಾಂಕ್ ಬಂದಾಗ ಅಮ್ಮ ಪಕ್ಕದ ಮನೆಯವರಿಗೆ ಹೇಳಿದ್ದು “ಪಾಸಾದ್ಲು” ಅಂತ. ಸ್ವಂತ ಮಕ್ಕಳನ್ನು ಬಾಯಿಬಿಟ್ಟು ಹೊಗಳಬಾರದು, ದೃಷ್ಟಿಯಾಗುತ್ತದೆ. ದೊಡ್ಡಮ್ಮನ ಮಗಳು ಮಂಜುಶ್ರೀಯನ್ನು ಮಾತ್ರ ಅಮ್ಮ ಮನಸಾರೆ ಹೊಗಳುತ್ತಾರೆ. ಎಂಥ ಬುದ್ಧಿವಂತೆ, ಎಂಥ ಲಕ್ಷಣ. ದೊಡ್ಡಮ್ಮನೂ ಹಾಗೆಯೇ, ನನ್ನನ್ನು ಹೊಗಳಿ ಮಂಜುಶ್ರೀಯನ್ನು ಬೈಯುತ್ತಾರೆ. ಒಬ್ಬರ ಮಗುವನ್ನು ಇನ್ನೊಬ್ಬರು ಎತ್ತಿ ಹಿಡಿಯಬೇಕು, ಅದು ಈ ಮನೆಗಳ ಮರ್ಯಾದೆ. ಚಿಕ್ಕವಳಿದ್ದಾಗ ನನಗೆ ಅದು ಅರ್ಥವಾಗುತ್ತಿರಲಿಲ್ಲ, ಅಮ್ಮನಿಗೆ ಮಂಜುಶ್ರೀನೇ ಇಷ್ಟ ಅಂತ ಅಳುತ್ತಿದ್ದೆ. ಈಗ ನಾನೂ ಹಾಗೆಯೇ ಮಾತಾಡುತ್ತೇನೆ. ಯಾರಾದರೂ ನಿನಗೆ ಲ್ಯಾಟಿನ್ ಬರುತ್ತಾ ಅಂದರೆ “ಅಲ್ಪಸ್ವಲ್ಪ” ಅನ್ನುತ್ತೇನೆ.

ನವೆಂಬರ್ 10, ಭಾನುವಾರ

ಕ್ಲಾಸ್ ಮುಗಿದು ಎಲ್ಲರೂ ಇಳಿದ ಮೇಲೆ ಸರ್ ಕರೆದರು. ಶಿಫಾರಸು ಪತ್ರದ ಮಾತು.

“ನೀನೇ ಒಂದು ಡ್ರಾಫ್ಟ್ ಮಾಡ್ಕೊಂಡು ಬಾರಮ್ಮ. ನಾನು ನೋಡಿ ಸೈನ್ ಹಾಕ್ತೀನಿ.”

ಹೊಸದೇನಲ್ಲ. ನಮ್ಮಲ್ಲಿ ಶಿಫಾರಸು ಪತ್ರ ಅಂದರೆ ಇದೇ. ಶಿಷ್ಯರು ಬರೆಯುತ್ತಾರೆ, ಮೇಷ್ಟ್ರು ಸೈನ್ ಮಾಡುತ್ತಾರೆ. ಬಿ.ಎಡ್.ಗೂ ನನ್ನದನ್ನು ನಾನೇ ಬರೆದುಕೊಂಡಿದ್ದೆ. ಹೊರದೇಶದವರು ಅದನ್ನು ಮೇಷ್ಟ್ರ ಮಾತು ಅಂತಲೇ ಓದುತ್ತಾರೆ, ಪಾಪ.

ಮೆಟ್ಟಿಲವರೆಗೆ ಬಂದಿದ್ದೆ. ಮತ್ತೆ ಕರೆದರು. “ಹಾಂ ಭವ್ಯಾ… ಅಭಿಲಾಷಂದೂ ನೀನೇ ಬರೆದ್ಬುಡು. ಅವನ ಇಂಗ್ಲಿಷು ಅಷ್ಟಕ್ಕಷ್ಟೇ. ಅವನಿಗೆ ಹೇಳೋದೇನೂ ಬೇಡ, ಮುಜುಗರ ಪಟ್ಕೋತಾನೆ.”

ಆಯಿತು ಸರ್ ಅಂದೆ. ಬೇರೇನು ಅನ್ನಲಿ.

ನವೆಂಬರ್ 13, ಬುಧವಾರ. ಬೆಳಿಗ್ಗೆ

ಅಭಿಲಾಷನದು ಮುಗಿಯಿತು. ಕಾಫಿ ಆರುವುದರೊಳಗೆ ಒಂದು ಪುಟ. ಚುರುಕು ಬುದ್ಧಿ, ಪ್ರಶ್ನೆ ಕೇಳುವ ಧೈರ್ಯ, ಒಂದು ವಾಕ್ಯ ಕೊಟ್ಟರೆ ಅದರ ಹಿಂದೆ ಯಾರು ಮಾತಾಡುತ್ತಿದ್ದಾರೆ ಅಂತ ಹುಡುಕುವ ಸ್ವಭಾವ… ಪೆನ್ನು ತಾನೇ ಓಡಿತು. ‘ಬ್ರಿಲಿಯಂಟ್’ ಅಂತ ಬರೆದೆ, ‘ಎಕ್ಸೆಪ್ಷನಲ್’ ಅಂತ ಬರೆದೆ. ಕೊನೆಯಲ್ಲಿ ಒಂದು ಪ್ರಶ್ನೆ—ನೀವು ಇದುವರೆಗೆ ಕಲಿಸಿದವರ ಜೊತೆ ಹೋಲಿಸಿದರೆ ಈ ವಿದ್ಯಾರ್ಥಿ ಹೇಗೆ? ಗುಡ್, ವೆರಿ ಗುಡ್, ಎಕ್ಸಲೆಂಟ್, ಎಲ್ಲರಿಗಿಂತ ಮೇಲು. ಒಂದಕ್ಕೆ ಟಿಕ್ ಹಾಕಬೇಕು. ಎಲ್ಲರಿಗಿಂತ ಮೇಲು ಅಂತ ಹಾಕಿದೆ.

ಇನ್ನೊಬ್ಬರ ಮಗುವನ್ನು ಹೊಗಳಲು ಎಷ್ಟು ಸಲೀಸು. ಅಲ್ಲದೆ ಅವನಿಗೆ ಕಲಿಸಿದವಳು ನಾನು. ಅವನನ್ನು ಎತ್ತಿದರೆ ನನ್ನನ್ನೂ ಸ್ವಲ್ಪ ಎತ್ತಿದಂತೆ, ಹಾಗೂ ಅನ್ನಿಸಿತು.

ನವೆಂಬರ್ 17, ಭಾನುವಾರ

ನನ್ನದು ಆಗುತ್ತಿಲ್ಲ.

‘ಭವ್ಯಶ್ರೀ ನನ್ನ ಅತ್ಯುತ್ತಮ ವಿದ್ಯಾರ್ಥಿನಿ’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಅಳಿಸಿದೆ. ನನ್ನ ಹೆಸರನ್ನು ನಾನೇ ಹಾಗೆ ಓದುವಾಗ ಕಿವಿ ಬಿಸಿಯಾಯಿತು. ಸರ್ ಇದನ್ನು ಓದುತ್ತಾರೆ, ಇವಳಿಗೆ ಎಷ್ಟು ಜಂಬ ಅಂದುಕೊಳ್ಳುತ್ತಾರೆ. ಅಂದುಕೊಂಡರೆ ಸಾಯುತ್ತೇನೆ.

ಕೊನೆಗೆ ಬರೆದದ್ದು: ಶ್ರದ್ಧೆಯಿಂದ ಓದುತ್ತಾಳೆ. ಸಮಯಕ್ಕೆ ಸರಿಯಾಗಿ ಬರುತ್ತಾಳೆ. ಕೊಟ್ಟ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಾಳೆ. ಓದಿ ನೋಡಿದರೆ ಪೂರ್ತಿ ಕ್ರಿಯಾವಿಶೇಷಣವೇ. ಅಭಿಲಾಷ್ ಹೇಗಿದ್ದಾನೆ ಅಂತ ಅವನ ಪತ್ರದಲ್ಲಿದೆ. ನಾನು ಹೇಗೆ ಕೆಲಸ ಮಾಡುತ್ತೇನೆ ಅಂತ ನನ್ನದರಲ್ಲಿದೆ, ಮನೆಕೆಲಸದವಳಿಗೆ ಕೊಡುವ ಸರ್ಟಿಫಿಕೇಟಿನ ಹಾಗೆ. ಟಿಕ್ ಹಾಕಿದ್ದು ‘ವೆರಿ ಗುಡ್’ಗೆ.

ನನಗೆ ಗೊತ್ತಿದೆ ನಾನು ಏನು ಮಾಡುತ್ತಿದ್ದೇನೆ ಅಂತ. ಸರ್ ಇದನ್ನು ಓದಬೇಕು. “ಏನಮ್ಮ ಇದು, ಹಿಂಗಾ ಬರೆಯೋದು?” ಅಂತ ಬೈಯಬೇಕು. ತಮ್ಮ ಪೆನ್ನಿನಿಂದ ಹೊಡೆದು ಹಾಕಿ ಬೇರೆ ಬರೆಯಬೇಕು. ಆ ಒಂದು ಗೆರೆ ನನಗೆ ಬೇಕು. ಆರು ವರ್ಷದಲ್ಲಿ ಸರ್ ನನ್ನನ್ನು ಒಮ್ಮೆಯೂ ಹೊಗಳಿಲ್ಲ. ಹೊಗಳದೆ ಇರುವುದೇ ಅವರಿಗೆ ನಾನು ಸ್ವಂತದವಳು ಅನ್ನುವುದಕ್ಕೆ ಗುರುತು ಅಂತ ಅಂದುಕೊಂಡಿದ್ದೇನೆ.

ನವೆಂಬರ್ 24, ಭಾನುವಾರ

ಸರ್ ಎರಡೂ ಓದಿದರು. ಮೊದಲು ಅಭಿಲಾಷನದು. ಓದುತ್ತಾ ನಕ್ಕರು. “ಹುಡುಗ ಇಷ್ಟು ಚೆನ್ನಾಗಿದಾನಾ?” ಅಂದರು. ಚೆನ್ನಾಗಿದಾನೆ ಸರ್ ಅಂದೆ. ಸೈನ್ ಆಯಿತು.

ಆಮೇಲೆ ನನ್ನದು. ನಿಧಾನವಾಗಿ ಓದಿದರು. ಕಾಗದ ತಿರುಗಿಸಿ ಹಿಂದೇನಾದರೂ ಇದೆಯೇ ಅಂತ ನೋಡಿದರು. ನನ್ನ ಮುಖವನ್ನೂ ಒಮ್ಮೆ ನೋಡಿದರು. ನಾನು ನೆಲ ನೋಡುತ್ತಿದ್ದೆ.

“ಸರಿಯಾಗಿದೆ ಕಣಮ್ಮ.”

ಸೈನ್ ಮಾಡಿದರು. ಕಾದೆ. ಇನ್ನೇನೋ ಹೇಳುತ್ತಾರೆ ಅಂತ ಕಾದೆ. ಪೆನ್ನಿನ ಕ್ಯಾಪ್ ಎಲ್ಲಿ ಬಿತ್ತು ನೋಡು ಅಂದರು. ಕುರ್ಚಿ ಕೆಳಗಿತ್ತು, ತೆಗೆದುಕೊಟ್ಟೆ.

ನವೆಂಬರ್ 25, ಸೋಮವಾರ. ರಾತ್ರಿ 10.30

ಕಾಲೇಜಿಗೆ ರಜೆ ಹಾಕಿ ಸರ್ ಮನೆಗೆ ಹೋದೆ. ಅಪ್‌ಲೋಡ್ ಮಾಡಬೇಕಿತ್ತು. ಸರ್ ಹೆಸರಿನ ಇಮೇಲ್ ತೆರೆದುಕೊಟ್ಟವಳೇ ನಾನು, ಪಾಸ್‌ವರ್ಡ್ ಅವರಿಗೇ ನೆನಪಿಲ್ಲ. ಅವರು ಒಳಗೆ ಮಂಡಿಗೆ ಬಿಸಿನೀರಿನ ಶಾಖ ತೆಗೆದುಕೊಳ್ಳುತ್ತಿದ್ದರು. ಕೆಳಗೆ ತಗಡು ಬಡಿಯುತ್ತಿದ್ದರು.

ಅಭಿಲಾಷನದು ಹೋಯಿತು. ನನ್ನದರಲ್ಲಿ ಹೋಲಿಕೆಯ ಪ್ರಶ್ನೆ ಮತ್ತೆ ಬಂತು, ಸ್ಕ್ರೀನಿನ ಮೇಲೆ ಆಯ್ಕೆ ಮಾಡಬೇಕು. ಬೆರಳು ನಿಂತಿತು. ಎಲ್ಲರಿಗಿಂತ ಮೇಲು ಅಂತ ಒತ್ತಿದರೆ ಯಾರಿಗೆ ಗೊತ್ತಾಗುತ್ತದೆ? ಸರ್‌ಗೆ ಗೊತ್ತಾಗುವುದಿಲ್ಲ. ರೋಮ್‌ನವರಿಗೆ ಗೊತ್ತಾಗುವುದಿಲ್ಲ. ಒಳಗಿನಿಂದ ಸರ್ ಕೂಗಿದರು, “ಏನ್ ಬರ್ದಿದೀಯೋ ಅದನ್ನೇ ಒತ್ತಿಬುಡಮ್ಮ, ಜಾಸ್ತಿ ಯೋಚ್ನೆ ಮಾಡ್ಬೇಡ.”

ಬರೆದದ್ದನ್ನೇ ಒತ್ತಿದೆ.

ಪ್ರಾಮಾಣಿಕತೆ ಅಂತ ಮನೆಗೆ ಬರುವ ದಾರಿಯಲ್ಲಿ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹಠ. ಸರ್ ಹೇಳದ ಮಾತನ್ನು ಅವರ ಹೆಸರಿನಲ್ಲಿ ನಾನೇ ಹೇಳಿಕೊಂಡು ಬಂದರೆ ಆ ರೋಮ್ ನನಗೆ ರುಚಿಸುವುದಿಲ್ಲ ಅನ್ನುವ ಹಠ. ಅಮ್ಮ ಯಾಕೆ ಮುಖ ಹಾಗಿದೆ ಅಂದರು. ಬಿಸಿಲು ಅಂದೆ.

ಜನವರಿ 28, ಮಂಗಳವಾರ

‘ಬಹಳ ಉತ್ತಮ ಅರ್ಜಿಗಳು ಬಂದಿದ್ದರಿಂದ…’ ಅಂತ ಶುರುವಾಗುವ ಮೇಲ್. ಮುಂದೆ ಓದುವ ಅಗತ್ಯವಿರಲಿಲ್ಲ. ಓದಿದೆ.

ಸಂಜೆ ಅಭಿಲಾಷ್ ಫೋನ್. ಇಂಟರ್‌ವ್ಯೂಗೆ ಕರೆದಿದ್ದಾರೆ. “ಅಕ್ಕ, ನಿಮ್ಗೂ ಬಂದಿರ್ಬೇಕಲ್ಲ?” ಇಲ್ಲ ಕಣೋ ಅಂದೆ. “ಏನೋ ಮಿಸ್ಟೇಕ್ ಆಗಿರ್ಬೇಕು ಅಕ್ಕ” ಅಂದ. ಅವನ ದನಿಯಲ್ಲಿ ನಿಜವಾದ ನೋವಿತ್ತು. ಅದು ಇಲ್ಲದಿದ್ದರೆ ಚೆನ್ನಾಗಿತ್ತು, ಆರಾಮಾಗಿ ಅವನನ್ನು ದ್ವೇಷಿಸಬಹುದಿತ್ತು.

ಫೆಬ್ರವರಿ 2, ಭಾನುವಾರ

ಇಂಟರ್‌ವ್ಯೂನಲ್ಲಿ ಅಲ್ಲೇ ಒಂದು ಭಾಗ ಕೊಟ್ಟು ಅನುವಾದ ಮಾಡಿಸುತ್ತಾರಂತೆ. ತರತಮ ಇನ್ನೊಂದು ಸಲ ಹೇಳಿಕೊಡಿ ಅಕ್ಕ ಅಂತ ಬಂದ. ಹೇಳಿಕೊಟ್ಟೆ. ಬೋನುಸ್, ಮೆಲಿಯೋರ್, ಆಪ್ಟಿಮುಸ್. ಒಳ್ಳೆಯವನು ಮೇಲಿನ ಮೆಟ್ಟಿಲು ಹತ್ತಿದರೆ ಅವನ ಗುರುತೇ ಸಿಗುವುದಿಲ್ಲ, ಪದವೇ ಬೇರೆಯಾಗುತ್ತದೆ. ಕೆಟ್ಟವನದೂ ಅಷ್ಟೇ: ಮಾಲುಸ್, ಪೆಯೋರ್, ಪೆಸ್ಸಿಮುಸ್. ದಿನ ಬಳಸುವ ಪದಗಳೇ ಹೀಗೆ ನಿಯಮ ತಪ್ಪುವುದು ಅಂತ ವಿವರಿಸಿದೆ. ಬಾಯಿ ಪಾಠ ಹೇಳುತ್ತಿತ್ತು. ತಲೆಯೊಳಗೆ ನಾನು ಇವನಿಗೆ ಒಂದೇ ಒಂದು ತಪ್ಪು ಹೇಳಿಕೊಟ್ಟರೆ ಹೇಗೆ ಅಂತ ನೋಡುತ್ತಿದ್ದೆ.

ಹೇಳಿಕೊಡಲಿಲ್ಲ. ಅದರಲ್ಲಿ ಹೆಮ್ಮೆ ಪಡುವಂಥದ್ದೇನಿಲ್ಲ, ತಪ್ಪು ಲ್ಯಾಟಿನ್ ಬಾಯಿಂದ ಬರುವುದಿಲ್ಲ ಅಷ್ಟೇ.

ಮಾರ್ಚ್ 20, ಗುರುವಾರ

ಅಭಿಲಾಷನಿಗೆ ಸಿಕ್ಕಿತು.

ಬಾದಾಮಿಪುರಿ ಡಬ್ಬ ಹಿಡಿದು ಅವನೂ ಅವರಪ್ಪ ವಿಜಯ್‌ಕುಮಾರ್ ಅವರೂ ಮನೆಗೆ ಬಂದರು. ಅಮ್ಮ ಅವನನ್ನು ಬಾಯಿತುಂಬ ಹೊಗಳಿದರು. ಎಂಥ ಹುಡುಗ, ಎಂಥ ಮಗನ್ನ ಹೆತ್ತಿದೀರಿ. ವಿಜಯ್‌ಕುಮಾರ್ ಅವರು, “ಅಯ್ಯೋ ಇವನೇನ್ ಬುಡಿ, ನಿಮ್ಮ ಮಗಳ ಮುಂದೆ” ಅಂದರು. ಮರ್ಯಾದೆಯ ಮಾತು ಎರಡೂ ಕಡೆಯಿಂದ ಸರಿಸಮ ನಡೆಯಿತು. ನಾನು ಕಾಫಿ ತಂದೆ.

ಹೊರಡುವಾಗ ಗೇಟಿನ ಹತ್ತಿರ ಅಭಿಲಾಷ್ ನಿಂತ. “ಅಕ್ಕ, ಒಂದ್ ವಿಷ್ಯ ಹೇಳ್ತೀನಿ. ಇಂಟರ್‌ವ್ಯೂನಲ್ಲಿ ಅವ್ರು ಸರ್ ಬರ್ದಿದ್ದ ಒಂದ್ ಸಾಲು ಓದಿ ಹೇಳಿದ್ರು. ಒಂದು ವಾಕ್ಯ ಕೊಟ್ರೆ ಅದರ ಹಿಂದೆ ಯಾರು ಮಾತಾಡ್ತಿದಾರೆ ಅಂತ ಹುಡುಕ್ತಾನೆ ಅಂತ. ನಂಗೆ ಅಲ್ಲೇ ಅಳು ಬಂದ್ಬುಡ್ತು. ಸರ್ ಒಂದ್ ದಿನಾನೂ ನನ್ನ ಮಾತಾಡ್ಸಿದ್ದಿಲ್ಲ. ಮನಸ್ಸಲ್ಲಿ ಇಷ್ಟೊಂದು ಇಟ್ಕೊಂಡಿದ್ರು ನೋಡಿ.”

“ಸರ್‌ಗೆ ಹೇಳಿದ್ಯಾ?”

“ಹೇಳ್ದೆ. ಕಾಲು ಮುಟ್ಟಿ ಹೇಳ್ದೆ. ತಲೆ ಮೇಲೆ ಕೈ ಇಟ್ಟು, ‘ಇದ್ದದ್ದನ್ನೇ ಬರೆದೆ ಕಣಪ್ಪ’ ಅಂದ್ರು.”

ಅವನ ಕಣ್ಣು ಒದ್ದೆಯಾಗಿತ್ತು. ಬರೆದವಳು ನಾನು ಅಂತ ಹೇಳಿ ಆ ಸಂತೋಷವನ್ನು ಕಿತ್ತುಕೊಳ್ಳುವಷ್ಟು ಕೆಟ್ಟವಳಾಗಲು ಆಗಲಿಲ್ಲ, ಆಗಬೇಕು ಅನ್ನಿಸಿತ್ತು. ಬಾಗಿಲು ಹಾಕಿಕೊಂಡು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟು ಅತ್ತೆ. ಅಮ್ಮ ನೀರು ಪೋಲಾಗ್ತಿದೆ ಕಣೇ ಅಂತ ಕೂಗಿದರು.

ಮಾರ್ಚ್ 23, ಭಾನುವಾರ

ಕ್ಲಾಸ್ ಮಾಡಿದೆ. ಎಲ್ಲರೂ ಹೋಗುವವರೆಗೆ ಕಾದು ಕೇಳಿದೆ.

“ಸರ್, ನನ್ನ ಪತ್ರ ನೀವು ಓದಿದ್ರಲ್ಲ?”

“ಓದ್ದೆನಲ್ಲ. ನಿನ್ನ ಎದುರಿಗೇ.”

“ಅದ್ರಲ್ಲಿ ನಾನು ಸುಮಾರು ಅಂತ ಇತ್ತು.”

“ನೀನೇ ತಾನೆ ಬರ್ದಿದ್ದು?”

“ತಿದ್ತೀರಿ ಅಂದ್ಕೊಂಡಿದ್ದೆ.”

ಸರ್ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. “ನಿಂಗೆ ಹೋಗೋ ಮನಸ್ಸಿಲ್ಲ ಅಂದ್ಕೊಂಡೆ ಕಣಮ್ಮ. ಬಾಯಿಬಿಟ್ಟು ಹೇಳೋಕಾಗ್ದೆ ಹಿಂಗೆ ಬರ್ಕೊಂಡು ಬಂದಿದಾಳೆ ಅಂತ. ಮನೇಲಿ ಮದುವೆ ಮಾತು ನಡೀತಿದೆ ಅಂತ ನೀನೇ ಒಂದ್ಸಲ ಅಂದಿದ್ದೆ.”

“ಒಂದ್ ಮಾತು ಕೇಳ್ಬಹುದಿತ್ತಲ್ಲ ಸರ್.”

“ಕೇಳ್ಬಹುದಿತ್ತು.” ಕನ್ನಡಕ ಹಾಕಿಕೊಂಡು ನಕ್ಕರು. “ಕೇಳಿ, ನೀನು ಹೋಗ್ತೀನಿ ಅಂದ್ಬುಟ್ಟಿದ್ರೆ? ಈ ಕ್ಲಾಸ್ ಯಾರು ನೋಡ್ಕೋತಿದ್ರು ಹೇಳು. ಈ ಕಾಲು ಇಟ್ಕೊಂಡು ನನ್ನ ಕೈಲಾಗುತ್ತಾ?”

ತಮಾಷೆಗೆ ಹೇಳಿದಂತೆ ಹೇಳಿದರು. ತಮಾಷೆಯಲ್ಲ. ಓದಿದ್ದಾರೆ, ಅರ್ಥವಾಗಿದೆ, ಅನುಕೂಲವಾಗಿದೆ, ಸೈನ್ ಮಾಡಿದ್ದಾರೆ. ಓದದೆ ಸೈನ್ ಮಾಡಿದ್ದರೆ ಎಷ್ಟೋ ವಾಸಿಯಿತ್ತು.

“ಬರೋ ವರ್ಷ ಹಾಕೋಣ ಬಿಡು. ಈ ಸಲ ಒಂದು ಒಳ್ಳೇ ಡ್ರಾಫ್ಟ್ ಮಾಡ್ಕೊಂಡು ಬಾ.”

ನನ್ನ ವಯಸ್ಸು ಅವರಿಗೆ ಗೊತ್ತಿಲ್ಲ. ಹೇಳಲಿಲ್ಲ. ಕೇಳಬೇಕಾದ ನಿಜವಾದ ಪ್ರಶ್ನೆಯೂ ಬಾಯಿಗೆ ಬರಲಿಲ್ಲ—ನೀವೇ ಬರೆದಿದ್ದರೆ ಏನು ಬರೆಯುತ್ತಿದ್ದಿರಿ ಸರ್? ಮೆಟ್ಟಿಲಿಳಿದು ಬಂದುಬಿಟ್ಟೆ.

ಏಪ್ರಿಲ್ 13, ಭಾನುವಾರ

ಮೂರು ವಾರದಿಂದ ಕ್ಲಾಸಿಗೆ ಹೋಗಿಲ್ಲ. ಜ್ವರ ಅಂತ ಮೆಸೇಜ್ ಹಾಕಿದ್ದೆ. ಯಾರು ಪಾಠ ಮಾಡುತ್ತಿದ್ದಾರೆ ಅಂತ ಕೇಳಿಲ್ಲ. ಯಾರೂ ಮಾಡುತ್ತಿಲ್ಲ ಅಂತ ಗೊತ್ತು, ಅದನ್ನು ನೆನೆದು ಒಳಗೊಳಗೇ ಖುಷಿಪಟ್ಟಿದ್ದೂ ಉಂಟು.

ಇವತ್ತು ವಿಜಯ್‌ಕುಮಾರ್ ಅವರು ಮತ್ತೆ ಬಂದರು. ಜೊತೆಯಲ್ಲಿ ವರ್ತಕರ ಸಂಘದ ಲೋಕೇಶ್ ಅನ್ನುವವರು. ಸರ್‌ಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಮಂಡಿ ಮೊಹಲ್ಲಾದ ಹುಡುಗನನ್ನು ರೋಮ್‌ಗೆ ಕಳಿಸಿದ ಮೇಷ್ಟ್ರು ಅಂತ. ಪೇಟ, ಶಾಲು, ಹಣ್ಣಿನ ಬುಟ್ಟಿ. ಬಿನ್ನವತ್ತಳೆ ಬೇಕು. ವೇದಿಕೆಯಲ್ಲಿ ಓದಿ, ಗಾಜಿನ ಚೌಕಟ್ಟು ಹಾಕಿ ಕೊಡುತ್ತಾರೆ.

“ನೀವೇ ಬರ್ಕೊಡ್ಬೇಕು ಮೇಡಂ,” ಲೋಕೇಶ್ ಅಂದರು. “ಸರ್‌ನ ಕೇಳ್ದೆ, ನಿಮ್ಮ ಹೆಸ್ರೇ ಹೇಳಿದ್ರು. ನನ್ನ ಬಗ್ಗೆ ಚೆನ್ನಾಗಿ ಬರೆಯೋಳು ಅವಳೊಬ್ಳೇ ಅಂದ್ರು. ಸ್ವಲ್ಪ ಜೋರಾಗೇ ಇರ್ಲಿ ಮೇಡಂ.”

ಅವಳೊಬ್ಬಳೇ. ಆರು ವರ್ಷಕ್ಕೆ ಸರ್ ಬಾಯಿಂದ ಬಂದ ಮಾತು, ಅದೂ ಮೆಣಸಿನಕಾಯಿ ವ್ಯಾಪಾರಿಗಳ ಕೈಯಲ್ಲಿ. ನನಗೆ ನಗು ಬಂತು, ಅವರು ಒಪ್ಪಿಗೆ ಅಂದುಕೊಂಡರು.

ಏಪ್ರಿಲ್ 19, ಶನಿವಾರ. ಬೆಳಿಗ್ಗೆ 7

ಸಂಜೆಯೊಳಗೆ ಕೊಡಬೇಕು. ಪ್ರಿಂಟಿಂಗ್ ಪ್ರೆಸ್ಸಿನವನು ಎರಡು ಸಲ ಫೋನ್ ಮಾಡಿದ.

ಪದಗಳಿಗೇನು ಬರ. ಅನುಪಮ, ಅಪ್ರತಿಮ, ಅದ್ವಿತೀಯ, ಗುರುಶ್ರೇಷ್ಠ. ಒಂದರ ಹಿಂದೆ ಒಂದು ಬಂದು ಸಾಲಾಗಿ ನಿಲ್ಲುತ್ತವೆ. ಇನ್ನೊಬ್ಬರಿಗಾದರೆ ನನ್ನ ಕೈ ನಿಲ್ಲುವುದೇ ಇಲ್ಲ. ಒಂದು ಪುಟ ಬರೆದೆ, ಚೆನ್ನಾಗಿಯೇ ಇತ್ತು. ಹರಿದೆ. ಅಮ್ಮ ಬಂದು ನೋಡಿ, “ಏನೇ ಅದು, ಅಷ್ಟ್ ಚೆನ್ನಾಗಿ ಬರ್ದು ಹರೀತಿದೀಯ” ಅಂದರು. ಅಮ್ಮನಿಗೆ ಓದಲು ಪುರುಸೊತ್ತಿರಲಿಲ್ಲ. ಓದದೆಯೇ ಚೆನ್ನಾಗಿ ಅಂದುಬಿಟ್ಟರು, ನನ್ನೆದುರಿಗೆ. ದೋಸೆ ಸೀಯುತ್ತಿದೆ ಅಂತ ಓಡಿದರು.

ಇನ್ನೊಂದು ಸಲ ನೋಡುತ್ತೇನೆ. ಮೊದಲು ಇಲ್ಲೇ ಬರೆದುಕೊಳ್ಳುತ್ತೇನೆ, ಆಮೇಲೆ ಬೇರೆ ಹಾಳೆಗೆ.

ಪೂಜ್ಯ ಗುರುಗಳಾದ ಶ್ರೀ ಶಿವಪ್ರಕಾಶ್ ಅವರಿಗೆ—

ತಾವು ಚೆನ್ನಾಗಿ ಕಲಿಸುತ್ತೀರಿ. ನನಗೂ ಚೆನ್ನಾಗಿಯೇ ಕಲಿಸಿದಿರಿ. ಅಭಿಲಾಷನಿಗೆ ಕಲಿಸಿದವಳು ನಾನು. ತಾವು ಇದ್ದದ್ದನ್ನೇ ಬರೆದೆ ಅಂದಿರಲ್ಲ, ಅದನ್ನು ಬರೆದವಳು ನಾನು. ನನ್ನ ಬಗ್ಗೆ ಇದ್ದದ್ದನ್ನು ಬರೆಯುವವರು ಯಾರೂ ಇರಲಿಲ್ಲ, ಆದ್ದರಿಂದ ಅದನ್ನೂ ನಾನೇ ಬರೆಯುತ್ತಿದ್ದೇನೆ. ತಮ್ಮ ಶಿಷ್ಯರಲ್ಲೆಲ್ಲ ನಾನು